ನವೆಯ ಮುಲಾಮು ಮತ್ತು ಮಲೆಯ ಮೇಣ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಳಲ್ಲಿ ಮೈನವೆಗೆಂದು ಮನೆಯಲ್ಲಿಯೇ ಕಾಸಬಹುದಾದ ಮುಲಾಮಿಗೆ ಬೇಕಾದ ವಸ್ತುಗಳು ಮೂರೇ ಬಗೆಯವು: ಬಯಲಿನ ಹೊಂಗೆಯೆಣ್ಣೆ, ಹಿತ್ತಿಲಿನ ಬೇವು ಮತ್ತು ಅರಿಸಿನ, ಮಲೆಯ ಜೇನುಮೇಣ. ಮೊದಲಿನೆರಡನ್ನು ಕುರಿತು ವೈದ್ಯಗ್ರಂಥಗಳು ಬೇಕಾದಷ್ಟು ಹೇಳಿರುವುವು. ಮೂರನೆಯದನ್ನು ಮರವೇರಿ ತಂದುಕೊಟ್ಟವರ ವಿಚಾರವು ಯಾವ ವೈದ್ಯಗ್ರಂಥದ ವಿಷಯವೂ ಅಲ್ಲ. ಆದುದರಿಂದ ಈ ಲೇಖನದಲ್ಲಿ ಮೇಣದ ಜಾಡನ್ನೇ ವಿಶೇಷವಾಗಿ ಹಿಡಿದಿದ್ದೇನೆ.

ಚರಕಸಂಹಿತೆಯಲ್ಲಿ ನವೆಯನ್ನು ಕಳೆಯುವ ಹತ್ತು ದ್ರವ್ಯಗಳ ಒಂದು ಗಣವುಂಟು. ಅದಕ್ಕೆ ‘ಕಂಡೂಘ್ನ’ವೆಂದು ಹೆಸರು. ನಕ್ತಮಾಲವೆಂಬ ಹೊಂಗೆ, ನಿಂಬವೆಂಬ ಬೇವು ಎರಡೂ ಅದರಲ್ಲಿ ಸೇರಿವೆ. ಆ ಗಣದಲ್ಲಿ ಬರುವ ದಾರುಹರಿದ್ರೆಯನ್ನು ನಮ್ಮ ಅರಿಸಿನವೆಂದು ಭ್ರಮಿಸಬಾರದು, ಅದು ಮರದರಿಸಿನ. ನಮ್ಮ ಅರಿಸಿನವು ಬರುವುದು ಚರ್ಮರೋಗಗಳಿಗೆ ಹೇಳಿರುವ ‘ಕುಷ್ಠಘ್ನ’ಗಣದಲ್ಲಿ. ಕನ್ನಡದಲ್ಲಿಯೂ ವೈದ್ಯಶಾಸ್ತ್ರವು 12ನೆಯ ಶತಮಾನದಷ್ಟು ಹಿಂದೆಯೇ ಜಗದ್ದಳ ಸೋಮನಾಥನ ಕಲ್ಯಾಣಕಾರಕದ ರೂಪದಲ್ಲಿ ಬಂದಿತ್ತೆಂಬುದು ವಾಚಕರಿಗೆ ವಿದಿತವೇ ಆಗಿದೆ. ಇನ್ನು ‘ಮುಲಾಮು’ ಎಂಬ ಮಾತು ಮಾತ್ರ ‘ಮರಹಮ್’ ಎಂಬ ಅರಬ್ಬೀ ಶಬ್ದದಿಂದ ಬಂದುದು. ವಸ್ತು ನಮ್ಮದು, ಹೆಸರು ಹೊರಗಿನದು.

ಪಾಕದ ಕ್ರಮವೂ ಶಾಸ್ತ್ರೋಕ್ತವೇ. ಕಲ್ಕ 1 ಪಾಲು, ಎಣ್ಣೆ 4 ಪಾಲು, ನೀರು 16 ಪಾಲು. ಎಳೆಯ ಬೇವಿನೆಲೆಯನ್ನೂ ಹಸಿ ಅರಿಸಿನದ ಕೊಂಬನ್ನೂ ನುಣ್ಣಗೆ ಅರೆದುದೇ ಕಲ್ಕ. ಹೊಂಗೆಯೆಣ್ಣೆ ಘಾಟು, ಮೃದುಚರ್ಮದವರಿಗೆ ಅದರಲ್ಲಿ ಅರ್ಧದಷ್ಟು ಕೊಬ್ಬರಿಯೆಣ್ಣೆ ಬೆರಸುವುದು ಮೇಲು. ಸಣ್ಣ ಉರಿಯ ಮೇಲೆ ನೀರೆಲ್ಲ ಇಂಗುವವರೆಗೂ ಕಾಸಬೇಕು. ಕಲ್ಕವನ್ನು ಬೆರಳಿನಲ್ಲಿ ಹೊಸೆದರೆ ಬತ್ತಿಯಾಗಬೇಕು; ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಪಟ ಸದ್ದು ಬರಬಾರದು. ತುಪ್ಪವಾದರೆ ನೊರೆ ಅಡಗಿದಾಗ, ಎಣ್ಣೆಯಾದರೆ ನೊರೆ ಎದ್ದಾಗ ಪಾಕವು ಮುಗಿಯಿತೆಂದು ಹಿಂದಿನವರು ಗುರುತು ಹೇಳಿದ್ದಾರೆ. ಇಷ್ಟು ಸೂಕ್ಷ್ಮವಾದ ಗುರುತು ಒಲೆಯ ಮುಂದೆ ಬಹುಕಾಲ ಕುಳಿತವರಿಗಲ್ಲದೆ ಹೊಳೆಯತಕ್ಕದ್ದಲ್ಲ. ಬಳಿಕ ಎಣ್ಣೆಯನ್ನು ಬಟ್ಟೆಯಲ್ಲಿ ಶೋಧಿಸಿ, ಅದರ ಆರನೆಯ ಒಂದು ಪಾಲು ಮೇಣವನ್ನು ತುರಿದು ಹಾಕಿ, ತಣಿಯುವವರೆಗೂ ಕದಡುತ್ತಿರಬೇಕು.

ಹಚ್ಚುವ ಮುನ್ನ ಮುಂದೋಳಿನ ಒಳಬದಿಗೆ ತುಸು ಸವರಿ ಒಂದು ದಿನ ಕಾದು ನೋಡತಕ್ಕದ್ದು. ಒಡೆದ ಹುಣ್ಣಿಗೆ ಹಚ್ಚಲಾಗದು. ರಾತ್ರಿ ಹೆಚ್ಚಾಗಿ, ಮನೆಮಂದಿಗೆಲ್ಲ ಹರಡುವ ನವೆಯು ಬಹುಮಟ್ಟಿಗೆ ಕಜ್ಜಿ; ಅದಕ್ಕೆ ಕಾರಣವು ಒಂದು ಕ್ಷುದ್ರಕೀಟವೆಂದು ಇಟಲಿಯ ಬೊನೊಮೊ ಎಂಬ ವೈದ್ಯನು 1687ರಲ್ಲಿಯೇ ಪ್ರಕಟಿಸಿದ್ದನು. ಅಂಥಲ್ಲಿ ಮುಲಾಮನ್ನು ನೆಚ್ಚಿ ಕೂರದೆ ಮನೆಯವರೆಲ್ಲರೂ ಒಮ್ಮೆಗೇ ವೈದ್ಯರಲ್ಲಿಗೆ ಹೋಗಬೇಕು.

ಮೇಣವಿಲ್ಲದಿದ್ದರೆ ಇದು ಬರಿಯ ಎಣ್ಣೆ, ಬೆವರಿನೊಡನೆ ಜಾರಿಹೋಗುವುದು. ಮೈಮೇಲೆ ನಿಲ್ಲಿಸುವುದು ಮೇಣವೇ. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಅದು ಎತ್ತರದ ಮರಗಳಲ್ಲಿಯೂ ಬಂಡೆಗಳ ಕೋಡಿನಲ್ಲಿಯೂ ಹುಟ್ಟು ಕಟ್ಟುವುದು. ಅದನ್ನು ಇಳಿಸುವ ವಿದ್ಯೆ ಬಿಳಿಗಿರಿರಂಗನಬೆಟ್ಟ ಮತ್ತು ಮಲೆಮಹದೇಶ್ವರಬೆಟ್ಟಗಳ ಸೋಲಿಗರದು. ಕಂಸಾಳೆಯವರು ಹಾಡುವ ಮಹದೇಶ್ವರನ ಕಥೆಯಲ್ಲಿ ಸಂಕಮ್ಮನ ಗಂಡನಾದ ನೀಲೇಗೌಡನು ಹೆಂಡತಿಯನ್ನು ಬಿಟ್ಟು ಮಲೆಗೆ ಹೊರಡುವುದೂ ಜೇನಿಗಾಗಿಯೇ.

ಈ ಮಲೆಗಳ ಸುತ್ತಣ ಸೀಮೆಯನ್ನು ರಾಜಕೀಯವು ಹರಿದು ಹಂಚಿತ್ತು. 1799ರಲ್ಲಿ ಟಿಪ್ಪುವಿನ ಪತನಾನಂತರ ಕೊಳ್ಳೇಗಾಲ, ಹನೂರುಗಳು ಕಂಪನಿಯ ಕೊಯಮತ್ತೂರು ಜಿಲ್ಲೆಗೆ ಸೇರಿದುವು. ಯಳಂದೂರು ಮೈಸೂರಿನಲ್ಲಿಯೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. 1800ರಲ್ಲಿ ಈ ದಾರಿಯಾಗಿ ಹನೂರು, ಕೌದಳ್ಳಿಗಳನ್ನು ಹಾದು ಕಾವೇರಿಪುರಕ್ಕೆ ಹೋದ ಫ್ರಾನ್ಸಿಸ್ ಬುಕಾನನ್ ಹೊಲ, ಕೆರೆ, ಬೆಳೆ, ಕಂದಾಯಗಳನ್ನೆಲ್ಲ ಬರೆದುಕೊಂಡನು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರಿಗೆ ಮರಳಿತು. 1997ರಲ್ಲಿ ಎಲ್ಲವೂ ಚಾಮರಾಜನಗರ ಜಿಲ್ಲೆಯೊಳಗಾದುವು. ಜೇನುನೊಣಕ್ಕೆ ಈ ಗಡಿಗಳೊಂದೂ ತಿಳಿಯದು.

ಸೋಲಿಗರಿಗಾದರೋ ಗಡಿಗಿಂತ ಬಾಧಕವಾದುದು ಕಾಯಿದೆ. 1974ರಲ್ಲಿ ಬಿಳಿಗಿರಿರಂಗನಬೆಟ್ಟವು ಅಭಯಾರಣ್ಯವಾದ ಬಳಿಕ ಬೇಟೆಯೂ ಕುಮರಿ ಬೇಸಾಯವೂ ನಿಂತುವು; ಅವರನ್ನು ಪೋಡುಗಳಲ್ಲಿ ನೆಲೆಗೊಳಿಸಲಾಯಿತು. ಆಗಲೂ ಜೇನು, ನೆಲ್ಲಿಕಾಯಿ, ಪಾಸೆಗಳನ್ನು ತಂದು ತಮ್ಮ ಸಹಕಾರ ಸಂಘಕ್ಕೆ ಮಾರುತ್ತಿದ್ದರು. 2006ರ ಸುಮಾರಿಗೆ ಅದೂ ನಿಷಿದ್ಧವಾಯಿತು. ವಿಚಿತ್ರವೆಂದರೆ ಅರಣ್ಯವಾಸಿಗಳ ಹಕ್ಕನ್ನು ಒಪ್ಪುವ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿದುದೂ ಅದೇ 2006ರಲ್ಲಿ! ನಿಷೇಧವು ಕೂಡಲೇ ಕೈಗೂಡಿತು. ಹಕ್ಕು ಕೈಸೇರಲು ಐದು ವರ್ಷ ಹಿಡಿಯಿತು. 2011ರಲ್ಲಿ, ಕಾಡು ಹುಲಿಸಂರಕ್ಷಿತ ಪ್ರದೇಶವಾದ ವರ್ಷದಲ್ಲಿಯೇ, ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತುವು. ಜೇನು ಕೊಯ್ಯುವ ಹಕ್ಕೂ ಅದರಲ್ಲಿ ಸೇರಿತು. ಕಾಯಿದೆಯಲ್ಲಿ ಕಿರು ಅರಣ್ಯೋತ್ಪನ್ನಗಳನ್ನು ಎಣಿಸುವಲ್ಲಿ ಜೇನಿನ ಹೆಸರಿನ ಪಕ್ಕದಲ್ಲಿಯೇ ಮೇಣದ ಹೆಸರೂ ಬರೆದಿದೆ.