ಆರ್ಚ್‌ಟಾಪ್ ಗಿಟಾರಿಗೆ ಎಷ್ಟು ದಪ್ಪದ ತಂತಿ?

ಪಿಟೀಲಿನಂತೆ ಮೇಲ್ಹಲಗೆ ಉಬ್ಬಿರುವ ಗಿಟಾರಿಗೆ ಆರ್ಚ್‌ಟಾಪ್ ಎಂದು ಹೆಸರು. ಅಮೆರಿಕದ ಕಲಮಜೂ ಪಟ್ಟಣದಲ್ಲಿ ಆರ್ವಿಲ್ ಗಿಬ್ಸನ್ ಅವರು 1890ರ ದಶಕದಲ್ಲಿ ಇಂತಹ ವಾದ್ಯಗಳನ್ನು ತಯಾರಿಸಿದರು. 1922ರಲ್ಲಿ ಬಂದ ಗಿಬ್ಸನ್ ಕಂಪನಿಯ ಎಲ್-5 ಮಾದರಿಯಲ್ಲಿ ಎಫ್ ಆಕಾರದ ರಂಧ್ರಗಳಿದ್ದವು. ಮುಂದೆ ಜಾಜ್ ತಂಡಗಳಲ್ಲಿ ಈ ಗಿಟಾರ್ ನೆಲೆಯೂರಿತು. ಕಹಳೆಗಳ ನಡುವೆ ಕೇಳಿಸಬೇಕಾದರೆ ದಪ್ಪ ತಂತಿ ಅಗತ್ಯವಾಗಿತ್ತು. 1937ರಲ್ಲಿ ಕೌಂಟ್ ಬೇಸಿ ತಂಡ ಸೇರಿದ ಫ್ರೆಡ್ಡಿ ಗ್ರೀನ್ ದಪ್ಪ ತಂತಿಗಳನ್ನು ಎತ್ತರದಲ್ಲಿ ಕಟ್ಟಿ ನುಡಿಸುತ್ತಿದ್ದರು.

ಆದರೆ ಎಲ್ಲ ಆರ್ಚ್‌ಟಾಪ್‌ಗಳಿಗೂ ಒಂದೇ ತಂತಿ ಹೊಂದುವುದಿಲ್ಲ. ಮೊದಲು ವಾದ್ಯವನ್ನು ನೋಡಬೇಕು, ಆಮೇಲೆ ಬೆರಳಿನ ಅನುಕೂಲವನ್ನು.

ಗೇಜ್ ಎಂದರೇನು?

ತಂತಿಯ ದಪ್ಪವನ್ನು ಇಂಚಿನ ಸಾವಿರದ ಭಾಗಗಳಲ್ಲಿ ಹೇಳುತ್ತಾರೆ. ಮೊದಲ ತಂತಿ 12 ಎಂದರೆ 0.012 ಇಂಚು, ಸುಮಾರು 0.30 ಮಿ.ಮೀ. ಅದೇ ಶ್ರುತಿಗೆ ಬಿಗಿದಾಗ, ದಪ್ಪ ಸ್ವಲ್ಪ ಹೆಚ್ಚಿದರೂ ಎಳೆತ ಬಹಳ ಹೆಚ್ಚುತ್ತದೆ. 25.5 ಇಂಚು ತಂತಿಯುದ್ದದ ಗಿಟಾರಿನಲ್ಲಿ ಮೊದಲ ತಂತಿ 10 ಆದರೆ ಸುಮಾರು 7.3 ಕಿಲೋ, 12 ಆದರೆ 10.6 ಕಿಲೋ, 13 ಆದರೆ 12.4 ಕಿಲೋ ಎಳೆಯುತ್ತದೆ.

ಯಾವುದಕ್ಕೆ ಯಾವುದು?

ಗಟ್ಟಿ ಮರದಲ್ಲಿ ಕೆತ್ತಿದ ಮೇಲ್ಹಲಗೆಯಿದ್ದು, ಪಿಕಪ್ ಇಲ್ಲದೆ ನುಡಿಸುವ ಗಿಟಾರಿಗೆ 12 ಅಥವಾ 13ರ ಸೆಟ್ ಸೂಕ್ತ. ಇಲ್ಲಿ ಬ್ರಿಜ್ ಮೇಲೆ ತಂತಿಯ ಒತ್ತಡ ಬಿದ್ದರೆ ಮಾತ್ರ ಹಲಗೆ ಚೆನ್ನಾಗಿ ಕಂಪಿಸುತ್ತದೆ. ಇದಕ್ಕೆ ಕಂಚಿನ ಸುತ್ತಿನ ತಂತಿಯೂ ಆಗುತ್ತದೆ.

ಆಂಪ್ಲಿಫೈಯರಿಗೆ ಜೋಡಿಸುವ ಪ್ಲೈವುಡ್ ಹಲಗೆಯ ಗಿಟಾರಿಗೆ 11ರ ಸೆಟ್ ಸಾಕಾಗಬಹುದು. ಮ್ಯಾಗ್ನೆಟಿಕ್ ಪಿಕಪ್ ಇದ್ದರೆ ನಿಕ್ಕಲ್ ಸುತ್ತಿನ ತಂತಿಯನ್ನೇ ಆರಿಸಿ. ಕಂಚು ಅಯಸ್ಕಾಂತಕ್ಕೆ ಸ್ಪಂದಿಸುವುದಿಲ್ಲವಾದ್ದರಿಂದ ತಂತಿಗಳ ಧ್ವನಿ ಏರುಪೇರಾಗುತ್ತದೆ. ಬೆರಳು ಜಾರುವಾಗಿನ ಕಿರುಗುಟ್ಟುವ ಸದ್ದು ಬೇಡವಾದರೆ ಚಪ್ಪಟೆ ಸುತ್ತಿನ ತಂತಿ ಒಳ್ಳೆಯದು.

ಮೂರನೆಯ ತಂತಿಯನ್ನು ಮರೆಯಬೇಡಿ. ಅನೇಕ ಆರ್ಚ್‌ಟಾಪ್‌ಗಳ ಮರದ ಬ್ರಿಜ್ಜನ್ನು ಸುತ್ತಿರುವ ಮೂರನೆಯ ತಂತಿಗೆ ಸರಿಯಾಗಿ ಕೆತ್ತಿರುತ್ತಾರೆ. ಅಲ್ಲಿ ಸುತ್ತಿಲ್ಲದ ತಂತಿ ಹಾಕಿದರೆ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಏರುತ್ತದೆ.

ಎಚ್ಚರಿಕೆಗಳು

ಹಳೆಯ ಗಿಟಾರಿನ ಕತ್ತಿನೊಳಗೆ ಹೊಂದಿಸಬಲ್ಲ ಉಕ್ಕಿನ ಸರಳು (ಟ್ರಸ್ ರಾಡ್) ಇಲ್ಲದಿರಬಹುದು. ಇಂತಹ ವಾದ್ಯಕ್ಕೆ 13ರ ಸೆಟ್ ಕಟ್ಟಿದರೆ ಕತ್ತು ಬಾಗುವ ಅಪಾಯವಿದೆ. ಹಲಗೆ ಕುಗ್ಗಿದ್ದರೆ, ಬಿರುಕಿದ್ದರೆ ಅಥವಾ ಒಳಗಿನ ಆಧಾರಪಟ್ಟಿ ಬಿಟ್ಟಿದ್ದರೆ ಮೊದಲು ರಿಪೇರಿ ಮಾಡಿಸಿ. ಒಮ್ಮೆ ಕುಸಿದ ಹಲಗೆಯನ್ನು ಮೊದಲಿನ ಸ್ಥಿತಿಗೆ ತರುವುದು ಕಷ್ಟ.

ಹೆಚ್ಚಿನ ಆರ್ಚ್‌ಟಾಪ್‌ಗಳಲ್ಲಿ ಬ್ರಿಜ್ಜಿಗೆ ಅಂಟು ಇರುವುದಿಲ್ಲ. ತಂತಿಯ ಒತ್ತಡವೇ ಅದನ್ನು ಹಿಡಿದಿಡುತ್ತದೆ. ಆದುದರಿಂದ ತಂತಿಗಳನ್ನು ಒಂದೊಂದಾಗಿಯೇ ಬದಲಿಸಿ. ನಂತರ 12ನೆಯ ಫ್ರೆಟ್‌ನಲ್ಲಿ ಒತ್ತಿದ ಸ್ವರವನ್ನು ಅಲ್ಲಿಯೇ ಹಗುರವಾಗಿ ಮುಟ್ಟಿದಾಗ ಬರುವ ಸ್ವರದೊಂದಿಗೆ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ, ತಂತಿಗಳನ್ನು ತುಸು ಸಡಿಲಿಸಿ ಬ್ರಿಜ್ಜನ್ನು ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ.

ಕಲಿಯುವ ಮಕ್ಕಳಿಗೆ 11ರ ಸೆಟ್ಟಿನಿಂದ ಆರಂಭಿಸುವುದು ಲೇಸು. ಮಣಿಕಟ್ಟು ನೋಯದೆ, ಸ್ವರ ಸ್ಪಷ್ಟವಾಗಿ ಬರತೊಡಗಿದ ಮೇಲೆ, ವಾದ್ಯ ತಾಳುವಂತಿದ್ದರೆ 12ಕ್ಕೆ ಏರಬಹುದು.