ಎಲೆಯೊಳಗಿನ ಹಳದಿ

ಆನೆಗೊಂದಿಯೆಂದೊಡನೆ ವಿಜಯನಗರದ ಉದಯಕಾಲ ನಮ್ಮ ನೆನಪಿಗೆ ಬರುತ್ತದೆ. ತುಂಗಭದ್ರೆಯ ಉತ್ತರ ದಡದ ಆ ಕೋಟೆಯನ್ನೂ ಬಂಡೆಗಳನ್ನೂ ಚರಿತ್ರಕಾರರು ಬಣ್ಣಿಸಿದ್ದಾರೆ. ಬಂಡೆಗಳ ಸಂದಿನಲ್ಲಿ ಬೆಳೆದ ಗಿಡಗಳಿಗೂ ಒಂದು ಚರಿತ್ರೆಯುಂಟು. ಅದರತ್ತ ನಮ್ಮ ಗಮನ ಹರಿದದ್ದು ಕಡಿಮೆ.

ವಿಜಯನಗರದ ಆದಿಕಾಲದಲ್ಲಿ, ಸುಮಾರು 1360ರಲ್ಲಿ, ಒಂದನೆಯ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಬೇರು, ಎಲೆ, ತೊಗಟೆಗಳ ಗುಣವನ್ನು ಅಂದಿನವರು ಅನುಭವದಿಂದ ಅರಿತಿದ್ದರು. ಆ ಗುಣಕ್ಕೆ ಕಾರಣವಾಗಿರಬಹುದಾದ ದ್ರವ್ಯಗಳನ್ನು ಬೇರ್ಪಡಿಸಿ ಗುರುತಿಸುವುದು ಮುಂದೆ ರಸಾಯನಶಾಸ್ತ್ರದ ಪಾಲಿಗೆ ಬಂದಿತು.

ಸಸ್ಯಗಳಲ್ಲಿ ವ್ಯಾಪಕವಾಗಿರುವ ಅಂತಹ ದ್ರವ್ಯಗಳ ಒಂದು ಕುಲವೇ ಫ್ಲೇವನಾಯ್ಡ್. ಹಳದಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಈ ಹೆಸರು ಹುಟ್ಟಿತು. ಭಾರತದಲ್ಲಿ ಇದರ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿದವರಲ್ಲಿ ಟಿ. ಆರ್. ಶೇಷಾದ್ರಿಯವರು (1900–1975) ಅಗ್ರಗಣ್ಯರು. ಮೊದಲು ವಾಲ್ಟೇರಿನಲ್ಲಿ, 1949ರಿಂದ ದೆಹಲಿಯಲ್ಲಿ, ಅವರು ಶಿಷ್ಯರ ದೊಡ್ಡ ಬಳಗವನ್ನೇ ಬೆಳೆಸಿದರು.

ನಮ್ಮ ಬಯಲುಸೀಮೆಯ ಕಲ್ಲುಗುಡ್ಡಗಳ ಬಂದರಿಕೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಇದರ ಎಲೆಯನ್ನು ಅರೆದು ಬಾವಿಗೂ ಉಳುಕಿಗೂ ಕಟ್ಟುವುದು ಹಳೆಯ ರೂಢಿ. ಮುಟ್ಟಿದರೆ ಅಂಟುವ ಎಲೆ. ಆ ಅಂಟಿನಲ್ಲಿಯೇ ಫ್ಲೇವನಾಯ್ಡುಗಳಿವೆ. ನೆರಳಲ್ಲಿ ಒಣಗಿಸಿದ ಎಲೆಯ ಪುಡಿಯನ್ನು ಮದ್ಯಸಾರದಲ್ಲಿ ನೆನೆಯಿಟ್ಟು, ಸೋಸಿದ ರಸವನ್ನು ಇಂಗಿಸುತ್ತಾರೆ. ಉಳಿದ ಕಪ್ಪುಹಸಿರು ಮುದ್ದೆಯನ್ನು ಸಿಲಿಕಾ ತುಂಬಿದ ಗಾಜಿನ ಕೊಳವೆಯ ಮೇಲಿಟ್ಟು, ಒಂದಾದ ಮೇಲೊಂದು ದ್ರಾವಕವನ್ನು ಹರಿಸಿದರೆ ಬೆರೆತ ದ್ರವ್ಯಗಳು ಬೇರೆ ಬೇರೆಯಾಗಿ ಇಳಿಯುತ್ತವೆ. ಮೆಗ್ನೀಷಿಯಮ್ ಚೂರನ್ನೂ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಸೇರಿಸಿದಾಗ ಕೆಂಪು ಮೂಡಿದರೆ ಕುಲದ ಸುಳಿವು ಸಿಕ್ಕಿತು. ಕರಗುವ ಉಷ್ಣತೆ, ಬೆಳಕನ್ನು ಹೀರುವ ಬಗೆ ಮೊದಲಾದವು ವ್ಯಕ್ತಿಯನ್ನು ಗುರುತಿಸಿಕೊಡುತ್ತವೆ.

1983ರಲ್ಲಿ ಸಚ್‌ದೇವ್ ಮತ್ತು ಕುಲಶ್ರೇಷ್ಠ ಎಂಬ ವಿಜ್ಞಾನಿಗಳು ಈ ಗಿಡದ ಫ್ಲೇವನಾಯ್ಡುಗಳನ್ನು ವರದಿಮಾಡಿದರು. ಅವುಗಳಲ್ಲೊಂದು ‘ಅಲಿಯಾರಿನ್’. ಬಂದರಿಕೆಗೆ ಹಿಂದಿಯಲ್ಲಿ ‘ಅಲಿಯಾರ್’ ಎಂಬ ಹೆಸರುಂಟು. ಜನರ ಬಾಯಲ್ಲಿದ್ದ ಮಾತು ಹೀಗೆ ವಿಜ್ಞಾನದ ಕೋಶದಲ್ಲಿ ಅನುರಣಿಸುತ್ತದೆ.

ಹರಳಾಗಿ ದೊರೆತ ದ್ರವ್ಯವೇ ಔಷಧವೆಂದು ಅವಸರದಿಂದ ನಂಬಲಾಗದು. ಎಲೆಯಲ್ಲಿ ಹಲವು ದ್ರವ್ಯಗಳು ಕೂಡಿರುತ್ತವೆ. ಆದರೆ ಯಾವ ಎಲೆಯನ್ನು, ಯಾವ ನೋವಿಗೆ, ಹೇಗೆ ಬಳಸುತ್ತಿದ್ದರೆಂಬ ತಿಳಿವೇ ಮರೆತುಹೋದರೆ ಪ್ರಯೋಗಶಾಲೆಗೆ ದಾರಿ ತೋರುವವರು ಯಾರು? ಮಂಗರಾಜನು ತನ್ನ ಕಾಲದ ತಿಳಿವನ್ನು ಕನ್ನಡದಲ್ಲಿ ಬರೆದಿಟ್ಟನು. ಆನೆಗೊಂದಿಯ ಶಾಸನಗಳನ್ನು ಓದಿದ ಶ್ರದ್ಧೆಯಿಂದಲೇ ಅಲ್ಲಿಯ ಹಿರಿಯರ ಗಿಡಮೂಲಿಕೆಯ ಮಾತುಗಳನ್ನೂ ಬರೆದಿಟ್ಟುಕೊಳ್ಳುವುದು ನಮ್ಮ ಕಾಲದ ಹೊಣೆ.