ಸ್ಪೇನರ್ ಮನೆಯ ಕೂಟ, ಮಂಗಳೂರಿನ ಸಭೆ

ಹುಟ್ಟಿದ ಕೂಡಲೇ ದೀಕ್ಷಾಸ್ನಾನ, ಭಾನುವಾರ ಒಂದು ಪ್ರಸಂಗ, ಆಗಾಗ ಪ್ರಭುಭೋಜನ. ಹದಿನೇಳನೆಯ ಶತಮಾನದ ಜರ್ಮನಿಯಲ್ಲಿ ಕ್ರೈಸ್ತನೆನಿಸಿಕೊಳ್ಳಲು ಇಷ್ಟು ಸಾಕಿತ್ತು. ಬಹುಮಟ್ಟಿಗೆ ಅರಸನ ಮತವೇ ಪ್ರಜೆಯ ಮತ. 1618ರಿಂದ 1648ರವರೆಗೆ ನಡೆದ ಯುದ್ಧದಲ್ಲಿ ಆ ಮತದ ಹೆಸರಿನಲ್ಲೂ ರಕ್ತ ಹರಿದಿತ್ತು. ಯುದ್ಧ ಮುಗಿದ ಮೇಲೂ ಪಂಡಿತರು ಪೀಠದಲ್ಲಿ ನಿಂತು ಎದುರು ಪಂಥದ ತಪ್ಪುಗಳನ್ನು ಎಣಿಸುತ್ತಲೇ ಇದ್ದರು.

ಫ್ರಾಂಕ್‌ಫರ್ಟಿನ ಹಿರಿಯ ಪಾದ್ರಿ ಫಿಲಿಪ್ ಯಾಕೋಬ್ ಸ್ಪೇನರ್ 1670ರಲ್ಲಿ ಮಾಡಿದ್ದು ನೋಡಲು ಸಣ್ಣ ಕೆಲಸ. ಕೆಲವರನ್ನು ಮನೆಗೆ ಕರೆದು, ಒಟ್ಟಿಗೆ ಕೂತು ಓದಿ, ಓದಿದ್ದರ ಬಗ್ಗೆ ಮಾತಾಡಲು ತೊಡಗಿದರು. ಐದು ವರ್ಷಗಳ ನಂತರ ಯೋಹಾನ್ ಆರ್ಂಟ್ ಅವರ ಪ್ರಸಂಗಗಳ ಸಂಪುಟಕ್ಕೆ ಮುನ್ನುಡಿ ಬರೆದರು. ‘ಪಿಯಾ ಡೆಸಿಡೆರಿಯಾ’ ಎಂದು ಹೆಸರಾದದ್ದು ಆ ಮುನ್ನುಡಿಯೇ. (ಮುನ್ನುಡಿಯೊಂದು ಮೂಲ ಪುಸ್ತಕವನ್ನೇ ಹಿಂದೆ ಹಾಕಿದ ಉದಾಹರಣೆಗಳಲ್ಲಿ ಇದೂ ಒಂದು.) ಅದರಲ್ಲಿ ಆರು ಸಲಹೆಗಳಿವೆ. ನನಗೆ ಮುಖ್ಯವೆನಿಸುವವು ಎರಡು. ನಂಬಿಕೆಯ ಬಗ್ಗೆ ತಿಳಿದುಕೊಂಡರೆ ಸಾಲದು, ಅದನ್ನು ಬಾಳಬೇಕು ಎಂಬುದು ಒಂದು. ಪಕ್ಕದವನಿಗೆ ಬುದ್ಧಿ ಹೇಳುವುದು, ಸಮಾಧಾನ ಹೇಳುವುದು ಪಾದ್ರಿಯೊಬ್ಬನ ಕೆಲಸವಲ್ಲ, ಸಭೆಯ ಪ್ರತಿಯೊಬ್ಬರದ್ದು ಎಂಬುದು ಇನ್ನೊಂದು. ನಂಬಿಕೆ ಆಳವಾಗುವುದು ಏಕಾಂತದಲ್ಲಿ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಸ್ಪೇನರ್ ಅದಕ್ಕೆ ಒಂದು ಕೋಣೆ, ನಾಲ್ಕು ಜನ ಬೇಕು ಎಂದರು.

ಅಂಥ ಕೋಣೆಗೂ ಒಂದು ಅಪಾಯವಿತ್ತು. ಒಳಗೆ ಕೂತವರಿಗೆ ಹೊರಗಿನವರೆಲ್ಲ ಹೆಸರಿಗಷ್ಟೇ ಕ್ರೈಸ್ತರಾಗಿ ಕಾಣತೊಡಗುತ್ತಾರೆ. ಸ್ಪೇನರ್ ಕೂಟದಲ್ಲಿದ್ದ ವಕೀಲ ಯೋಹಾನ್ ಯಾಕೋಬ್ ಶುಟ್ಸ್ ಕೊನೆಗೆ ಚರ್ಚಿನಿಂದಲೇ ದೂರ ಸರಿದರು. ಈ ಜನರಿಗೆ ‘ಪಯಟಿಸ್ಟ್’ ಎಂಬ ಹೆಸರು ಬಿದ್ದದ್ದೂ ಗೇಲಿಯಿಂದ. ವುರ್ಟೆಂಬರ್ಗಿನಲ್ಲಿ ಮಾತ್ರ 1743ರ ಆಜ್ಞೆಯೊಂದು ಇಂಥ ಮನೆಕೂಟಗಳನ್ನು ಪಾದ್ರಿಗಳ ಮೇಲ್ವಿಚಾರಣೆಯಲ್ಲಿ ಚರ್ಚಿನೊಳಗೇ ಉಳಿಸಿಕೊಂಡಿತು.

1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿಗೆ ಬಹಳಷ್ಟು ತರುಣರು ಬಂದದ್ದು ಆ ವುರ್ಟೆಂಬರ್ಗಿನಿಂದಲೇ. ಹೆಬಿಕ್, ಲೇನರ್, ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷಗಳ ನಂತರ ಮೋಗ್ಲಿಂಗ್ ಬಂದರು. ಹೃದಯದಲ್ಲಿ ಆಗಬೇಕಾದ ಪರಿವರ್ತನೆಯ ಅಳತೆಗೋಲು ಅವರ ಜೊತೆಗೇ ಬಂತು.

ಇಲ್ಲಿ ಲೆಕ್ಕ ತಿರುವುಮುರುವಾಯಿತು. ಫ್ರಾಂಕ್‌ಫರ್ಟಿನಲ್ಲಿ ಕ್ರೈಸ್ತನಾಗಿರಲು ಏನನ್ನೂ ಕಳೆದುಕೊಳ್ಳಬೇಕಿರಲಿಲ್ಲ. ಮಂಗಳೂರಿನಲ್ಲಿ ಕ್ರೈಸ್ತನಾಗಲು ಮನೆ, ನೆಂಟಸ್ತಿಕೆ, ಕಸುಬು ಎಲ್ಲವನ್ನೂ ಬಿಡಬೇಕಿತ್ತು. 1844ರಲ್ಲಿ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಊರೇ ಕದಡಿತು. ಹೊಸ ಸಭೆಗೆ ಹೆಚ್ಚಾಗಿ ಬಂದವರು ಬಿಲ್ಲವರು. ಕಳ್ಳು ಇಳಿಸುವ ಕೆಲಸ ಬಿಟ್ಟವನಿಗೆ ಮರುದಿನದ ಗಂಜಿ ಎಲ್ಲಿಂದ? ಅಚ್ಚುಕೂಟ, ನೇಯ್ಗೆಯ ಕಾರ್ಖಾನೆ, 1865ರಲ್ಲಿ ಹಂಚಿನ ಕಾರ್ಖಾನೆ ಬಂದವು. ಇವುಗಳ ಹಿಂದೆ ಈ ಪ್ರಶ್ನೆಯೂ ಇತ್ತು. ಹೀಗೆ ಕೂಲಿ ಕೊಡುವ ಕೈ, ನಂಬಿಕೆಯನ್ನು ತೂಗುವ ಕೈ ಒಂದೇ ಆಯಿತು. ಬಂದವರು ದೇವರಿಗಾಗಿ ಬಂದರೋ ಅನ್ನಕ್ಕಾಗಿ ಬಂದರೋ ಎಂಬ ಅನುಮಾನ ಮಿಷನರಿಗಳನ್ನು ಬಿಡಲಿಲ್ಲ. ಸುತ್ತಲಿನವರಿಗೂ ಅದೇ ಅನುಮಾನ.

ಈ ಅನುಮಾನವನ್ನು ಇಂದಿನ ಸಂಶೋಧಕರೂ ಸಲೀಸಾಗಿ ಎತ್ತಿಕೊಳ್ಳುವುದು ನನಗೆ ಒಪ್ಪಿಗೆಯಲ್ಲ. ಅನ್ನ ಬೇರೆ, ನಂಬಿಕೆ ಬೇರೆ ಎಂದು ವಿಂಗಡಿಸುವ ಸೌಕರ್ಯ ಹೊಟ್ಟೆ ತುಂಬಿದವರದ್ದು. ಜಾತಿಯ ಮನೆಯಿಂದ ಹೊರಬಿದ್ದವರಿಗೆ ಒಂದೇ ಬೆಂಚಿನಲ್ಲಿ ಕೂರುವುದು, ಒಂದೇ ಪಾತ್ರೆಯಿಂದ ಪ್ರಭುಭೋಜನ ತೆಗೆದುಕೊಳ್ಳುವುದು ಮೇಲುಮೇಲಿನ ಆಚಾರವಾಗಿರಲು ಸಾಧ್ಯವೇ? ಜರ್ಮನಿಯಲ್ಲಿ ಯಾವುದು ಬರೀ ಶಾಸ್ತ್ರವಾಗಿ ಸವೆದಿತ್ತೋ, ಇಲ್ಲಿ ಅದಕ್ಕೇ ಜನ ಬೆಲೆ ತೆತ್ತಿದ್ದರು. ತುಳುನಾಡಿನ ಪ್ರೊಟೆಸ್ಟಂಟರ ಬಾಯಲ್ಲಿ ‘ಸಭೆ’ ಎಂದರೆ ಕಟ್ಟಡವಲ್ಲ, ಜನ.

ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು. ಹಂಚು, ನೇಯ್ಗೆಯ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕೂಲಿ ಕೊಡುವ ಕೈ ಬದಲಾಗಿತ್ತು, ತೂಗುವ ಕೈ ದೂರವಾಗಿತ್ತು. ಸಭೆಗಳು ಚದುರಲಿಲ್ಲ.